ಮಳೆ ನೋಡಲು ಹೊರಟವರು

ಶಿರಸಿ ಕಡೆಯವರಿಗೆ ಮಳೆಯ ಬಗ್ಗೆ ಇರುವುದು ಎರಡೇ ದೂರು. ಬರುತ್ತಿಲ್ಲ ಎನ್ನುವುದು ಒಂದು, ಬಿಡುತ್ತಿಲ್ಲ ಎನ್ನುವುದು ಇನ್ನೊಂದು. ಇವೆರಡರ ನಡುವೆ ನಾವು ಖುಷಿಯಾಗಿರುವುದು ಹೆಚ್ಚೆಂದರೆ ಅರ್ಧ ದಿನ. ಆ ಅರ್ಧ ದಿನ ನಮ್ಮ ತಲೆ ಅಷ್ಟು ನೆಟ್ಟಗಿರುವುದಿಲ್ಲ. ಕಾರಿದ್ದವರು ಸುಮ್ನೆ ಕಾರು ಹೊರಗೆ ತೆಗೆಯುತ್ತಾರೆ.

2023ರಲ್ಲಿ ಈ ಅರ್ಧ ದಿನಕ್ಕೆ ಕಾದಿದ್ದು ಜಾಸ್ತಿಯೇ ಆಯಿತು. ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರಬೇಕಾದ ಮುಂಗಾರು ಬಂದಿದ್ದೇ 8ನೇ ತಾರೀಕಿಗೆ. ಅಲ್ಲಿಂದ ಮೇಲೆ ನಮ್ಮ ಕಡೆ ಬರಲು ಅದಕ್ಕೇನೂ ಅವಸರ ಇದ್ದ ಹಾಗೆ ಕಾಣಲಿಲ್ಲ. ಮೃಗಶಿರ ಮಳೆ ಹುಟ್ಟಿತು ಎಂದು ಪಂಚಾಂಗ ಹೇಳಿತು, ಆಕಾಶ ಒಪ್ಪಲಿಲ್ಲ. ಬಾವಿಗೆ ಕೊಡ ಬಿಟ್ಟರೆ ತಳ ತಾಗಿ ಠಣ್ ಎನ್ನುತ್ತಿತ್ತು. ಪಾತ್ರೆ ತೊಳೆದ ನೀರು ಬಸಳೆ ಬುಡಕ್ಕೋ ಮಲ್ಲಿಗೆ ಬುಡಕ್ಕೋ ಎಂದು ಆಯಿ (ಅಮ್ಮ) ಮತ್ತು ಅಕ್ಕನ ನಡುವೆ ದಿನಾ ವಾದ. ಅಪ್ಪಯ್ಯ ಮಾತ್ರ ಜಗಲಿಯಲ್ಲಿ ಕೂತು, "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರೆ" ಎಂದು ಗಾದೆ ಹೇಳುತ್ತಾ ಎಲೆಯಡಿಕೆಯ ಕವಳ ಹಾಕುತ್ತಿದ್ದರು. ಗಾದೆಗೆ ನೀರಿನ ಖರ್ಚಿಲ್ಲವಲ್ಲ.

ಕೊನೆಗೂ ಆರಿದ್ರೆಯೇ ಮಾನ ಉಳಿಸಿತು. ಒಂದು ರಾತ್ರಿ ಹಂಚಿನ ಮೇಲೆ ಶುರುವಾದದ್ದು ಬೆಳಗಾದರೂ ನಿಲ್ಲಲಿಲ್ಲ. ಕರೆಂಟು ಮೊದಲ ಹನಿಗೇ ಹೋಗಿತ್ತು. ಅದರಲ್ಲಿ ಹೊಸದೇನಿಲ್ಲ, ಬಿಡಿ. ಅಕ್ಕನನ್ನು ಕರೆದುಕೊಂಡು ಹೋಗಲು ಬಂದಿದ್ದ ಭಾವ ತೆಳ್ಳೇವು ತಿನ್ನುತ್ತಾ, "ಮಾವ, ಮಳೆ ನೋಡ್ಲೆ ಹೋಪನ. ಉಂಚಳ್ಳಿ ಫಾಲ್ಸ್ ಬದಿಗೆ" ಎಂದರು.

"ಮಳೆ ಅಂಗಳದಲ್ಲೇ ಇದ್ದಲಾ. ಅದ್ನ ನೋಡ್ಲೆ ಅಷ್ಟು ದೂರ ಎಂತಕ್ಕೆ ಹೋಗವು?" ಎಂದಳು ಆಯಿ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಹತ್ತು ನಿಮಿಷದಲ್ಲಿ ಕಾರಿನ ಹಿಂದಿನ ಸೀಟಿನ ಕಿಟಕಿ ಬದಿಯಲ್ಲಿ ಮೊದಲು ಹೋಗಿ ಕೂತವಳೂ ಆಯಿಯೇ.

ಭಾವನ ಕಾರು ಹಳೆಯದು. ಬೇಸಿಗೆಯಲ್ಲಿ ಅದು ಸಂಭಾವಿತ. ಅದರ ಗುಣ ಗೊತ್ತಾಗುವುದು ಮಳೆಗೆ. ಪೇಟೆ ದಾಟುವ ಮೊದಲೇ ಗೊತ್ತಾಯಿತು. ತಿಂಗಳುಗಟ್ಟಲೆ ಬಿಸಿಲು ತಿಂದು ಬಲಗಡೆ ವೈಪರಿನ ರಬ್ಬರು ಹಪ್ಪಳವಾಗಿತ್ತು. ಗ್ಲಾಸಿನ ಮೇಲೆ ಕರಕರ ಎಂದು ಎಳೆದು, ಇದ್ದ ಕೆಸರನ್ನೇ ನೀಟಾಗಿ ಹರಡಿ, ಅಲ್ಲೇ ಅಡ್ಡ ನಿಂತುಬಿಟ್ಟಿತು. ಎಡಗಡೆಯದು ಮಾತ್ರ ಹೊಸದರ ಹಾಗೆ ಓಡುತ್ತಿತ್ತು. ಎಂದರೆ, ಸ್ಟೇರಿಂಗು ಹಿಡಿದ ಭಾವನಿಗೆ ರಸ್ತೆ ಕಾಣುವುದಿಲ್ಲ. ಪಕ್ಕದಲ್ಲಿ ಕೂತ ಅಪ್ಪಯ್ಯನಿಗೆ ಎಲ್ಲವೂ ಚೆಂದ ಕಾಣುತ್ತದೆ. ಅಪ್ಪಯ್ಯ ಜೀವನದಲ್ಲಿ ಸೈಕಲ್ಲಿಗಿಂತ ದೊಡ್ಡ ವಾಹನ ಹೊಡೆದವರಲ್ಲ.

ಆದರೂ ಜವಾಬ್ದಾರಿ ಬಿದ್ದಾಗ ಹಿಂದೆ ಸರಿಯುವವರೂ ಅಲ್ಲ. "ಸೀದಾ ಹೋಗು. ಎಡಕ್ಕೆ ಹೊಂಡ ಇದ್ದು. ಎಮ್ಮೆ ಇದ್ದು. ಎಮ್ಮೆ ಹೋತು. ಇನ್ನೊಂದು ಬಂತು." ಇಲ್ಲಿಯವರೆಗೆ ತೊಂದರೆ ಇರಲಿಲ್ಲ. ತೋಟಗಳು ಶುರುವಾದ ಮೇಲೆ ಅಪ್ಪಯ್ಯನ ವರದಿಯಲ್ಲಿ ರಸ್ತೆ ಮತ್ತು ಅಡಿಕೆ ಬೆರೆತುಹೋದವು. "ಬಲಗಡೆ ಮದ್ದು ಹೊಡೆದ್ದಿಲ್ಲೆ!" ಎಂದು ಗಾಬರಿಯಲ್ಲಿ ಕೂಗಿದರೆ ಭಾವ ಏನೋ ಅಡ್ಡ ಬಂತೆಂದು ಗಕ್ಕನೆ ಎಡಕ್ಕೆ ತಿರುಗಿಸಿದರು. ಹಿಂದೆ ನಾವು ಮೂವರೂ ಬಾಗಿಲಿಗೆ ಅಂಟಿಕೊಂಡೆವು.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಅಡಿಕೆಗೆ ಮಳೆಗಾಲದ ದೊಡ್ಡ ಶತ್ರು ಕೊಳೆ ರೋಗ. ಅದಕ್ಕೆ ಮದ್ದು ಬೋರ್ಡೋ ದ್ರಾವಣ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಅದನ್ನು ಕೊನೆಗಳಿಗೆ, ಎಂದರೆ ಅಡಿಕೆ ಗೊಂಚಲುಗಳಿಗೆ, ಹೊಡೆದ ಮೇಲೆ ಒಣಗಲು ಹೊತ್ತು ಬೇಕು. ಒಣಗಿದರೆ ಮಳೆಗೆ ತಡೆಯುತ್ತದೆ, ಒಣಗದಿದ್ದರೆ ದುಡ್ಡೆಲ್ಲ ಮರದ ಬುಡಕ್ಕೆ. ಮಳೆ ಇನ್ನೇನು ಬಂತು ಎನ್ನುವಾಗ ಹೊಡೆದು ಮುಗಿಸಬೇಕು, ಹೊಡೆಯುವಾಗ ಮಾತ್ರ ಬರಬಾರದು. ಹೀಗಾಗಿ ನಮ್ಮಲ್ಲಿ ದೇವರಿಗೆ ಹೋಗುವ ಬೇಡಿಕೆ ಯಾವಾಗಲೂ ಸ್ವಲ್ಪ ಗೋಜಲು: ಮಳೆ ಬೇಗ ಕೊಡು, ನಾಳೆ ಬೇಡ, ನಾಳಿದ್ದು ಮಧ್ಯಾಹ್ನದ ಮೇಲೆ ಅಡ್ಡಿಲ್ಲ.

ಎರಡನೇ ಸಲ "ಕೊನೆಗೆ ಕೊಟ್ಟೆ ಕಟ್ಟಿದ್ವಿಲ್ಲೆ!" (ಕೊಟ್ಟೆ ಎಂದರೆ ಮಳೆ ತಾಗದ ಹಾಗೆ ಕೊನೆಗೆ ಕಟ್ಟುವ ಹೊದಿಕೆ) ಎಂದಾಗ ಭಾವ ಕಾರು ನಿಲ್ಲಿಸಿಯೇ ಬಿಟ್ಟರು. ಗ್ಲಾಸಿಗೆ ಏನಾದರೂ ಮಾಡಲೇಬೇಕಿತ್ತು. ಲಾರಿಯವರು ಹಿಂದೆ ಮಾಡುತ್ತಿದ್ದ ಉಪಾಯ ಅವರಿಗೆ ನೆನಪಾಯಿತು. ಗ್ಲಾಸಿಗೆ ತಂಬಾಕು ತಿಕ್ಕಿದರೆ ನೀರು ಹನಿಹನಿಯಾಗಿ ನಿಲ್ಲುವುದಿಲ್ಲ, ಪದರವಾಗಿ ಇಳಿದುಹೋಗುತ್ತದೆ. ಇಡೀ ಕಾರಿನಲ್ಲಿ ತಂಬಾಕು ಇದ್ದದ್ದು ಅಪ್ಪಯ್ಯನ ಕವಳದ ಸಂಚಿಯಲ್ಲಿ.

ಅಪ್ಪಯ್ಯ ತೋಟದ ಪಾಲು ಕೊಡುವ ಮುಖ ಮಾಡಿ ಒಂದು ಎಸಳು ತೆಗೆದರು. ಸಾಲಲಿಲ್ಲ. ಮತ್ತೊಂದು. ಭಾವ ಸುರಿಯುವ ಮಳೆಯಲ್ಲಿ ನಿಂತು ತಿಕ್ಕುತ್ತಿದ್ದರೆ ಅಪ್ಪಯ್ಯ ಒಳಗಿನಿಂದಲೇ, "ಸಾಕು ಮಾರಾಯ, ಗ್ಲಾಸಿಗೆ ಚಟ ಹತ್ತಗು" ಎನ್ನುತ್ತಿದ್ದರು. ಒಪ್ಪಲೇಬೇಕು, ಉಪಾಯ ಕೆಲಸ ಮಾಡಿತು. ಗ್ಲಾಸಿನ ಹೊರಗಡೆ ಸ್ವಚ್ಛವಾಯಿತು. ಆಮೇಲೆ ಒಳಗಡೆ ಮಸುಕಾಯಿತು. ಎಸಿ ಕೆಟ್ಟು ವರ್ಷಗಳೇ ಆಗಿದ್ದವು. ಮುಚ್ಚಿದ ಕಾರಿನಲ್ಲಿ ಐದು ಜನರ ಉಸಿರು ತಣ್ಣನೆ ಗ್ಲಾಸಿಗೆ ತಾಗಿ ಮಂಜು ಕಟ್ಟಿತು. ಕಿಟಕಿ ಇಳಿಸಿದರೆ ಮಳೆ ಒಳಗೆ, ಏರಿಸಿದರೆ ಮಂಜು ಒಳಗೆ. ಕಿಟಕಿ ಬದಿಯ ಆಯಿ ಕೊಡೆಯನ್ನು ಕಾರಿನೊಳಗೇ ಅರ್ಧ ಬಿಡಿಸಿಕೊಂಡಳು. ಅದರ ಕಡ್ಡಿ ಅಕ್ಕನ ಕೂದಲಿಗೆ ಸಿಕ್ಕಿಕೊಂಡಿತು. ಮುಂದಿನ ಎರಡು ಕಿಲೋಮೀಟರ್ ಅವರಿಬ್ಬರೂ ಒಂದೇ ಕಡೆ ನೋಡುತ್ತಾ ಬಂದರು.

ಒಣ ರಸ್ತೆಯ ಮೇಲೆ ಬೇಸಿಗೆಯಿಡೀ ಕೂತ ಧೂಳು, ಎಣ್ಣೆ ಎಲ್ಲ ಮೊದಲ ಮಳೆಗೆ ಎದ್ದು ಬರುತ್ತವೆ. ಜಾರುವುದು ಆಗಲೇ ಜಾಸ್ತಿ. ಇದನ್ನು ಭಾವ ನಮಗೆ ವಿವರಿಸುತ್ತಿರುವಾಗಲೇ ತಿರುವಿನಲ್ಲಿ ಬಸ್ಸು ಬಂತು. ದಾರಿ ಬಿಟ್ಟುಕೊಡಲು ಹೋದ ಕಾರು ಕೆಂಪು ಮಣ್ಣಿಗೆ ಇಳಿಯಿತು, ಗಟಾರದ ಕಡೆ ವಾಲಿ ನಿಂತಿತು. ಬಸ್ಸಿನ ಕಿಟಕಿಯಲ್ಲಿದ್ದ ಅಷ್ಟೂ ಮುಖಗಳು ನಮ್ಮನ್ನು ಸಾವಕಾಶ ನೋಡಿ ಮುಂದೆ ಹೋದವು.

ತೋಟದ ಕೆಲಸಕ್ಕೆ ಹೊರಟಿದ್ದ ನಾಲ್ಕೈದು ಮಂದಿ ಕಂಬಳಿ ಕೊಪ್ಪೆ ಬದಿಗಿಟ್ಟು ದೂಡಲು ಬಂದರು. ದೂಡುವ ಮೊದಲು ಒಬ್ಬರು ಕೇಳಿದರು, "ಎಲ್ಲಿಗೆ ಹೊಂಟಿದ್ರಿ?"

ಭಾವ, "ಮಳೆ ನೋಡೂಕೆ" ಎಂದರು.

ಅವರು ತಲೆಯಿಂದ ಕಾಲಿನವರೆಗೆ ನೀರು ಇಳಿಯುತ್ತಿದ್ದ ತಮ್ಮ ಮೈಯನ್ನು ಒಮ್ಮೆ ನೋಡಿಕೊಂಡರು. ಪಕ್ಕದವರನ್ನೂ ನೋಡಿದರು. ಮತ್ತೇನೂ ಕೇಳದೆ ದೂಡಿದರು. ಆಸ್ಪತ್ರೆಗೆ ಎಂದಿದ್ದರೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು ಎಂದು ಅಕ್ಕ ಈಗಲೂ ಹೇಳುತ್ತಾಳೆ.

ಉಂಚಳ್ಳಿ ಮುಟ್ಟಿದೆವು ಎನ್ನುವುದೇ ದೊಡ್ಡದು. ಶಿರಸಿಯಲ್ಲಿ ಹುಟ್ಟಿ ಅಣೆಕಟ್ಟೇ ಇಲ್ಲದೆ ಸಮುದ್ರ ಸೇರುವ ಅಘನಾಶಿನಿ ಇಲ್ಲಿ 116 ಮೀಟರ್ ಧುಮುಕುತ್ತದೆ. ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ 1845ರಲ್ಲಿ ಇದನ್ನು 'ಕಂಡುಹಿಡಿದರು' ಎಂದು ಬರೆದಿರುತ್ತಾರೆ, ಅವರ ಹೆಸರೂ ಇದಕ್ಕಿದೆ. ಅಷ್ಟರಲ್ಲಿ ಊರಿನವರು ಇದರ ಸದ್ದು ಕೇಳಿ ಕೇಳಿ ಸಾಕಾಗಿ ಕೆಪ್ಪ ಜೋಗ ಎಂದು ಕರೆದಾಗಿತ್ತು. ಕಂಡುಹಿಡಿಯಲು ಕಿವಿ ಇದ್ದರೆ ಸಾಕಿತ್ತು.

ನಮಗೂ ಕಿವಿಯೇ ಗತಿಯಾಯಿತು. ಕಾಡಿನ ದಾರಿ ನಡೆದು, ಜಾರುವ ಮೆಟ್ಟಿಲನ್ನು ಒಬ್ಬರ ಕೈ ಒಬ್ಬರು ಹಿಡಿದು ಇಳಿದು ಕಟಾಂಜನದ ಹತ್ತಿರ ನಿಂತರೆ ಎದುರಿಗೆ ಬರೀ ಬಿಳಿ ಮಂಜು. ಕಣಿವೆ ಇಲ್ಲ, ಹೊಳೆ ಇಲ್ಲ, ಜಲಪಾತ ಇಲ್ಲ. ಎಲ್ಲಿಂದಲೋ ಗುಡುಗುಡು ಸದ್ದು ಮಾತ್ರ ಬರುತ್ತಿತ್ತು. ಭಾವ ಮೊಬೈಲ್ ಹಿಡಿದು ಮಂಜಿನ ಫೋಟೋ ತೆಗೆದರು. ಅಪ್ಪಯ್ಯ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, "ಶಬ್ದ ಅಡ್ಡಿಲ್ಲೆ" ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಉಂಬಳಗಳು, ಎಂದರೆ ಜಿಗಣೆಗಳು, ನಮ್ಮನ್ನು ಕಂಡುಹಿಡಿದಿದ್ದವು. ಬೇಸಿಗೆಯಿಡೀ ನೆಲದ ತಂಪಿನಲ್ಲಿ ಅಡಗಿದ್ದು ಮೊದಲ ಮಳೆಗೆ ಏಳುವ ಜೀವಗಳು, ಹಸಿವು ಎಷ್ಟಿರಬೇಡ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಜೊಲ್ಲಿನಲ್ಲಿ ಹಿರುಡಿನ್ ಎನ್ನುವ ವಸ್ತು ಇದೆ. ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಉಂಬಳ ಉದುರಿದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ಅಕ್ಕ ಕಾಲು ನೋಡಿ ಕೂಗಿದ ಕೂಗಿಗೆ ಕೆಪ್ಪ ಜೋಗ ಕ್ಷಣ ಸುಮ್ಮನಾದಂತಾಯಿತು. ಉಪ್ಪು ತಂದಿರಲಿಲ್ಲ. ಎಲ್ಲರೂ ಮತ್ತೆ ಅಪ್ಪಯ್ಯನ ಸಂಚಿಯ ಕಡೆ ನೋಡಿದೆವು. ತಂಬಾಕು, ಸುಣ್ಣ ಎರಡೂ ಉಂಬಳಕ್ಕೆ ಆಗದ ವಸ್ತುಗಳು. ಉಳಿದ ಎಸಳುಗಳನ್ನು ಸುಣ್ಣದ ಜೊತೆ ತಿಕ್ಕಿ ಐದು ಜೊತೆ ಕಾಲಿಗೆ ಹಚ್ಚಿದ್ದಾಯಿತು. ಅಪ್ಪಯ್ಯ ಖಾಲಿ ಸಂಚಿಯನ್ನು ತಿರುವಿ ಕೊಡವಿದರು. ಒಂದು ಅಡಿಕೆ ಚೂರು ಬಿತ್ತು.

ವಾಪಸು ಬರುವಾಗ ಹೆಗ್ಗರಣಿ ಹತ್ತಿರ ದೊಡ್ಡಾಯಿ ಮನೆಗೆ ಹೋಗೋಣ ಎಂದು ಅಪ್ಪಯ್ಯ ಹಟ ಹಿಡಿದದ್ದಕ್ಕೆ ಬಂಧುಪ್ರೇಮ ಮಾತ್ರ ಕಾರಣವಲ್ಲ. ದೊಡ್ಡಾಯಿ ಬಾಗಿಲಲ್ಲೇ, "ಆಸ್ರಿಗೆ ಎಂತ ಮಾಡವು? ಚಾ? ಕಷಾಯ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಲಸಿನ ಹಪ್ಪಳ ಕರಿಯಲು ಒಳಗೆ ಹೋದಳು. ದೊಡ್ಡಪ್ಪ ಜಗಲಿಯಲ್ಲಿ ತಲೆಗೆ ಕೈ ಹೊತ್ತು ಕೂತಿದ್ದರು. ಮೊನ್ನೆಯವರೆಗೆ ಮಳೆ ಇಲ್ಲ ಎಂದು ದಿನಾ ಫೋನು ಮಾಡುತ್ತಿದ್ದವರು. ನಿನ್ನೆ ಸಂಜೆ ಅರ್ಧ ತೋಟಕ್ಕೆ ಮದ್ದು ಹೊಡೆಸಿದ್ದರಂತೆ, ರಾತ್ರಿ ಎಲ್ಲ ತೊಳೆದುಹೋಗಿತ್ತು. "ಎಂಥಾ ಹಾಳು ಮಳೆ, ಬಿಡ್ತೇ ಇಲ್ಲೆ" ಎಂದರು.

ಅಪ್ಪಯ್ಯ ಹೂಂಗುಟ್ಟಿದರೂ ಅವರ ಕಣ್ಣು ಕವಳದ ಹರಿವಾಣದ ಮೇಲಿತ್ತು. ಎಲೆ, ಅಡಿಕೆ, ಸುಣ್ಣ, ಮಧ್ಯದಲ್ಲಿ ಒಳ್ಳೆಯ ತಂಬಾಕಿನ ಎಸಳು. ಒಂದು ಕವಳ ಬಾಯಿಗೆ ಹೋಯಿತು. ದಾರಿಗೆಂದು ದೊಡ್ಡಪ್ಪ ಕಟ್ಟಿಕೊಟ್ಟದ್ದು ಸಂಚಿಗೆ ಹೋಯಿತು. ಹೊರಡುವಾಗ ಮಳೆ ಮತ್ತೆ ಜೋರಾಗಿತ್ತು. ಬಲಗಡೆ ಗ್ಲಾಸು ಮೊದಲಿನಂತೆಯೇ ಕೆಸರು. ಭಾವ ಕಾರಿನ ಹತ್ತಿರ ನಿಂತು ಬಹಳ ವಿನಯದಿಂದ, "ಮಾವ, ಒಂದೇ ಎಸಳು..." ಎಂದರು.

ಅಪ್ಪಯ್ಯ ಸಂಚಿಯನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿ, ಬಾಯಿ ತುಂಬ ಕವಳ ಇಟ್ಟುಕೊಂಡೇ ಹೇಳಿದರು: "ನಿಧಾನ ಹೊಡಿ ತಮಾ. ರಸ್ತೆ ಆನು ನೋಡಿ ಹೇಳ್ತಿ."