ಬೈಲುಕುಪ್ಪೆಯಲ್ಲಿ ಹುಟ್ಟಿದ ಮಗು ಯಾವ ದೇಶದ್ದು?

ಪ್ರಶ್ನೆ: ಭಾರತದಲ್ಲಿ ಹುಟ್ಟುವ ಟಿಬೆಟನ್ ಮಕ್ಕಳಿಗೆ ಹುಟ್ಟಿನಿಂದಲೇ ಭಾರತದ ಪೌರತ್ವ ಕೊಡಬೇಕೇ?

ಪರ: ಇಲ್ಲೇ ಹುಟ್ಟಿದವರು ಇನ್ನೆಲ್ಲಿಗೆ ಹೋಗಬೇಕು?

ನಾನು ಪಿಯುಸಿ ಓದಿದ್ದು ಕುಶಾಲನಗರದಲ್ಲಿ. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಬೈಲುಕುಪ್ಪೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ಹುಡುಗ. ಹೊಳೆ ದಾಟಿದರೆ ಕೊಪ್ಪ, ಅಲ್ಲಿಂದ ಸ್ವಲ್ಪ ದೂರ ಅವನ ಮನೆ. ಅಪ್ಪ ಅಮ್ಮ ಮುಸುಕಿನ ಜೋಳ ಬೆಳೆಯುತ್ತಿದ್ದರು, ಚಳಿಗಾಲ ಬಂತೆಂದರೆ ಸ್ವೆಟರ್ ಮೂಟೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ಅವನು ಪಿರಿಯಾಪಟ್ಟಣದ ಕನ್ನಡವನ್ನು ನನಗಿಂತ ಚೆನ್ನಾಗಿ ಮಾತಾಡುತ್ತಿದ್ದ. ಡಿಗ್ರಿ ಮುಗಿದ ವರ್ಷ ನಾವಿಬ್ಬರೂ ಒಂದು ಸರ್ಕಾರಿ ಕೆಲಸದ ಅರ್ಜಿ ತಂದೆವು. ನಾನು ತುಂಬಿದೆ. ಅವನು 'ರಾಷ್ಟ್ರೀಯತೆ' ಅಂತ ಇದ್ದ ಕಡೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತ, ಆಮೇಲೆ ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡ.

ಅವನು ಹುಟ್ಟಿದ್ದು 1989ರಲ್ಲಿ. ಅವನ ಅಣ್ಣ ಹುಟ್ಟಿದ್ದು 1986ರಲ್ಲಿ. ಒಂದೇ ತಾಯಿ, ಒಂದೇ ಮನೆ. ಕಾನೂನಿನ ಪ್ರಕಾರ ಅಣ್ಣ ಭಾರತೀಯ, ತಮ್ಮ ವಿದೇಶಿ!

ಹೇಗೆ ಅಂತೀರಾ? 1955ರ ಪೌರತ್ವ ಕಾಯ್ದೆಯ ಪ್ರಕಾರ, 1950ರ ಜನವರಿ 26ರಿಂದ ಹಿಡಿದು 1987ರ ಜುಲೈ 1ಕ್ಕೆ ಮುಂಚಿನವರೆಗೆ ಈ ನೆಲದಲ್ಲಿ ಹುಟ್ಟಿದವರೆಲ್ಲ ಭಾರತೀಯರು. ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರು ಮಾತ್ರ ಇದಕ್ಕೆ ಹೊರತು. ಆ ತಾರೀಖಿನ ನಂತರ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿ: ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಹಾಗಾಗಿ ಬೆಂಗಳೂರಿನ ಆಸ್ಪತ್ರೆಯಲ್ಲಿ ವಿದೇಶಿ ದಂಪತಿಗೆ ಮಗು ಹುಟ್ಟಿದರೆ ಜನನ ಪ್ರಮಾಣಪತ್ರ ಸಿಗುತ್ತದೆ, ಪೌರತ್ವ ಸಿಗುವುದಿಲ್ಲ. ಆ ಮಗುವಿಗೆ ಅಪ್ಪ ಅಮ್ಮನ ದೇಶದ ಪಾಸ್‌ಪೋರ್ಟ್ ಬರುತ್ತದೆ, ಸರಿ. ಕ್ಯಾಂಪಿನ ಮಗುವಿಗೆ ಯಾವ ದೇಶ ಪಾಸ್‌ಪೋರ್ಟ್ ಕೊಡುತ್ತದೆ? ಅದಕ್ಕೆ ಇರುವುದು ಆರ್‌ಸಿ, ಅಂದರೆ ವಿದೇಶಿ ಅಂತ ನೋಂದಣಿ ಮಾಡಿಸಿಕೊಂಡ ಪುಸ್ತಕ. ಅದನ್ನು ಅವಧಿ ಮುಗಿದ ಹಾಗೆಲ್ಲ ನವೀಕರಿಸಬೇಕು. ಹೊರದೇಶಕ್ಕೆ ಹೋಗಬೇಕಾದರೆ ಪಾಸ್‌ಪೋರ್ಟ್ ಬದಲಿಗೆ ಐಸಿ, ಅಂದರೆ ಗುರುತಿನ ಪ್ರಮಾಣಪತ್ರ ಅನ್ನುವ ಹಳದಿ ಪುಸ್ತಕ ಬೇಕು. ಅದನ್ನು ನೋಡಿ ವಿಮಾನ ನಿಲ್ದಾಣದ ಕೌಂಟರಿನವರೇ ಗೊಂದಲಕ್ಕೆ ಬೀಳುತ್ತಾರೆ.

ಅಣ್ಣನ ಕಥೆಯೂ ಸುಲಭದ್ದಲ್ಲ. ಕಾಯ್ದೆಯಲ್ಲಿ ಭಾರತೀಯ ಅಂತಿದ್ದರೂ, ಆರ್‌ಸಿ ತಗೊಂಡ ಮೇಲೆ ನೀನೇ ವಿದೇಶಿ ಅಂತ ಒಪ್ಪಿಕೊಂಡ ಹಾಗಲ್ವಾ ಅಂತ ವರ್ಷಗಟ್ಟಲೆ ವಾಪಸ್ ಕಳಿಸಿದರು. 1986ರಲ್ಲಿ ಕಾಂಗ್ರಾದಲ್ಲಿ ಹುಟ್ಟಿದ ನಾಮ್‌ಗ್ಯಾಲ್ ಡೋಲ್ಕರ್ ಕೋರ್ಟಿಗೆ ಹೋದ ಮೇಲೆ, 2010ರಲ್ಲಿ ದೆಹಲಿ ಹೈಕೋರ್ಟ್ ಆಕೆ ಹುಟ್ಟಿನಿಂದಲೇ ಭಾರತೀಯಳು ಎಂದಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದೇ ಮಾತು ಹೇಳಿತು. 2014ರ ಲೋಕಸಭಾ ಚುನಾವಣೆಗೆ ಮುಂಚೆ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಎಂದು ಚುನಾವಣಾ ಆಯೋಗ ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟಿನ ಮತ್ತೊಂದು ತೀರ್ಪು ಬಂದ ಮೇಲೆ, 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಸರ್ಕಾರ ಒಪ್ಪಿತು. ಅದಕ್ಕೂ ಷರತ್ತು: ಆರ್‌ಸಿ, ಐಸಿ ಒಪ್ಪಿಸಬೇಕು, ಕ್ಯಾಂಪಿನಲ್ಲಿ ವಾಸ ಮಾಡಬಾರದು, ಧರ್ಮಶಾಲಾದಿಂದ ನಡೆಯುವ ದೇಶಭ್ರಷ್ಟ ಟಿಬೆಟನ್ ಆಡಳಿತದ ಸೌಲಭ್ಯ ತಗೊಳ್ಳಬಾರದು. ಅಂದರೆ ಪಾಸ್‌ಪೋರ್ಟ್ ಬೇಕಾದರೆ ಹುಟ್ಟಿದ ಮನೆ ಬಿಡು ಅಂತ. ವಯಸ್ಸಾದ ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಹೇಳಿ.

ಬೈಲುಕುಪ್ಪೆಯ ಮೊದಲ ಕ್ಯಾಂಪ್ ಶುರುವಾಗಿದ್ದು 1960ರ ಸುಮಾರಿಗೆ. ಈಗ ಅಲ್ಲಿ ಆಡುತ್ತಿರುವ ಮಕ್ಕಳ ತಾತಂದಿರು ಕಾಡು ಕಡಿದು ಹೊಲ ಮಾಡಿದವರು. ಮೂರು ತಲೆಮಾರು ಕಳೆದರೂ ವಿದೇಶಿ ಅನ್ನುವುದಾದರೆ, ಎಷ್ಟು ತಲೆಮಾರು ಆಗಬೇಕು? ಅರ್ಜಿ ಹಾಕಿ ಪೌರತ್ವ ಪಡೆಯುವ ದಾರಿ ಕಾಯ್ದೆಯಲ್ಲಿ ಇದೆ, ನಿಜ. ಆದರೆ ಅದು ಬೇರೆ ದೇಶದಿಂದ ಬಂದು ನೆಲೆಸಿದವರಿಗೆ ಮಾಡಿದ ದಾರಿ. ಎಲ್ಲಿಂದಲೂ ಬಂದಿಲ್ಲದವನು ಅದರಲ್ಲಿ ನಿಂತು ಕಾಯುವುದು ಯಾಕೆ? 2019ರ ತಿದ್ದುಪಡಿ ಬೌದ್ಧರನ್ನೂ ಸೇರಿಸಿಕೊಂಡಿತು. ಆದರೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ ಬಂದವರಿಗೆ ಮಾತ್ರ. ಟಿಬೆಟ್ ಆ ಪಟ್ಟಿಯಲ್ಲಿಲ್ಲ.

ಕೊಡಲು ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳನ್ನು ನೋಡಿ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಪ್ರಕಾರ ಲಂಕೆಯಿಂದ ಬಂದವರು ಅವರು. ಅವರು ಹುಟ್ಟಿದ್ದು ಅಲ್ಲಿ, ಪೌರತ್ವ ಕೊಟ್ಟಿದ್ದು ನಾವು. ಅಲ್ಲಿ ಹುಟ್ಟಿದವರನ್ನು ನಮ್ಮವರು ಅಂದ ದೇಶಕ್ಕೆ ಇಲ್ಲೇ ಹುಟ್ಟಿದವರನ್ನು ಹಾಗೆ ಕರೆಯುವುದು ಕಷ್ಟವೇ?

2020ರ ಆಗಸ್ಟ್ ಕೊನೆಯಲ್ಲಿ ಲಡಾಖಿನ ಪ್ಯಾಂಗಾಂಗ್ ಸರೋವರದ ಹತ್ತಿರ ನೆಲಬಾಂಬ್ ಸಿಡಿದು, ಟಿಬೆಟನ್ನರೇ ಹೆಚ್ಚಾಗಿರುವ ಭಾರತದ ವಿಶೇಷ ಗಡಿ ಪಡೆಯ ಯೋಧರೊಬ್ಬರು ತೀರಿಕೊಂಡರು. ಆ ಪಡೆ 1962ರಿಂದ ಇದೆ, 1971ರ ಯುದ್ಧದಲ್ಲೂ ಹೋರಾಡಿದೆ. ಈ ದೇಶದ ಗಡಿಯಲ್ಲಿ ಪ್ರಾಣ ಕೊಡುವ ಸಮುದಾಯದ ಮಕ್ಕಳಿಗೆ ಈ ದೇಶದ ಪಾಸ್‌ಪೋರ್ಟ್ ಇಲ್ಲ ಅನ್ನುವುದು ನನಗೆ ನುಂಗಲಾಗದ ಮಾತು.

ನನ್ನ ಗೆಳೆಯ ಈಗ ಕೆನಡಾದಲ್ಲಿದ್ದಾನೆ. ಅಲ್ಲಿನ ಪೌರ. ಕಳೆದ ಸಲ ಬೈಲುಕುಪ್ಪೆಗೆ ಬಂದಾಗ ವೀಸಾ ತಗೊಂಡು ಬಂದ, ತನ್ನ ಊರಿಗೆ.

ವಿರೋಧ: ಪೌರತ್ವ ತಾನಾಗಿ ಬಂದು ಬೀಳಬಾರದು

ನಮ್ಮೂರು ಮುಂಡಗೋಡ. ನಮ್ಮಲ್ಲೂ 1966ರಿಂದ ಕ್ಯಾಂಪ್ ಇದೆ. ನಮ್ಮ ಮಾವನ ಕಿರಾಣಿ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಕ್ಯಾಂಪಿನವರೇ. ಹಾಗಾಗಿ ಇವರು ಹೊರಗಿನವರು, ಇವರಿಗೆ ಕೊಡಬೇಡಿ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಹಾಗೆ ಹೇಳುವವರ ಜೊತೆ ನನಗೆ ಜಗಳವಿದೆ.

ನನ್ನ ತಕರಾರು ಇರುವುದು 'ಹುಟ್ಟಿನಿಂದಲೇ, ತಾನಾಗಿ' ಅನ್ನುವ ಮಾತಿನ ಮೇಲೆ.

ಅಂಗಡಿಗೆ ಬರುವ ಒಬ್ಬ ಅಮಾಲಾ ಇದ್ದಾರೆ. ಟಿಬೆಟನ್ನರಲ್ಲಿ ತಾಯಿಯನ್ನು ಕರೆಯುವುದು ಹಾಗೆ, ನಾವೂ ಹಾಗೇ ಕರೆಯುತ್ತೇವೆ. ಅವರ ಮಗಳು ಹುಟ್ಟಿದ್ದು 1982ರಲ್ಲಿ. ಕೋರ್ಟ್ ಹೇಳಿದ ಮೇಲೆ ಮಗಳಿಗೆ ಪಾಸ್‌ಪೋರ್ಟ್ ಮಾಡಿಸಲಿಲ್ವಾ ಅಂತ ಒಮ್ಮೆ ಕೇಳಿದೆ. 'ಅವಳೇ ಬೇಡ ಅಂದಳು. ಆರ್‌ಸಿ ಕೊಟ್ಟುಬಿಟ್ಟರೆ ನಮ್ಮ ದೇಶ ಹೋಗಿದೆ ಅಂತ ತೋರಿಸಲು ನನ್ನ ಹತ್ತಿರ ಏನಿರುತ್ತೆ ಅಂತಾಳೆ' ಎಂದರು. ನನಗೆ ಆ ಮಾತು ತುಂಬಾ ದಿನ ಕಾಡಿತು. ನಾವು ತೊಂದರೆ ಅಂದುಕೊಂಡಿರುವ ಕಾಗದ ಅವರಿಗೆ ಸಾಕ್ಷಿ. ಎಲ್ಲರಿಗೂ ಹಾಗಲ್ಲ, ಒಪ್ಪುತ್ತೇನೆ. ಆದರೆ ಹಾಗೆ ಅಂದುಕೊಳ್ಳುವವರು ಕಡಿಮೆ ಇಲ್ಲ.

ಹುಟ್ಟಿದ ಮಕ್ಕಳೆಲ್ಲ ತಾವಾಗಿಯೇ ಭಾರತೀಯರು ಅಂತ ಕಾನೂನು ಮಾಡಿದರೆ, ಇನ್ನೊಂದು ಮೂವತ್ತು ನಲವತ್ತು ವರ್ಷಕ್ಕೆ ಈ ದೇಶದಲ್ಲಿ ಟಿಬೆಟನ್ ನಿರಾಶ್ರಿತ ಅನ್ನುವವರು ಬಹಳ ಕಡಿಮೆ ಉಳಿಯುತ್ತಾರೆ. ಟಿಬೆಟನ್ ಆಡಳಿತವೇ 2009ರಲ್ಲಿ ಮಾಡಿದ ಜನಗಣತಿಯಲ್ಲಿ ಭಾರತದಲ್ಲಿದ್ದವರು 94,203. ಅಮೆರಿಕ, ಕೆನಡಾಗಳಿಗೆ ಹೋಗುವವರಿಂದ ಆ ಸಂಖ್ಯೆ ಆಮೇಲೆ ಇಳಿಯುತ್ತಲೇ ಬಂದಿದೆ. ಉಳಿದವರೂ ಕಾಗದದಲ್ಲಿ ಭಾರತೀಯರಾದರೆ ಬೀಜಿಂಗ್‌ಗೆ ಹೇಳಲು ಸುಲಭ: ಅಲ್ಲಿರುವವರು ಭಾರತದ ಪ್ರಜೆಗಳು, ನಮ್ಮ ಒಳಗಿನ ವಿಷಯ ಅವರಿಗೇಕೆ? ಅಮೆರಿಕದ ಪಾಸ್‌ಪೋರ್ಟ್ ಇದ್ದವರೂ ಧರ್ಮಶಾಲಾದಲ್ಲಿರುವ ಟಿಬೆಟನ್ನರ ಸಂಸತ್ತಿಗೆ ಮತ ಹಾಕುತ್ತಾರಲ್ಲ ಅಂತ ಕೇಳಬಹುದು. ಹಾಕುತ್ತಾರೆ, ನಿಜ. ಆದರೆ ಆ ಸಂಸತ್ತು, ಆ ಮಠಗಳು, ಆ ಶಾಲೆಗಳು ನಿಂತಿರುವುದು ಇಲ್ಲಿನ ಕ್ಯಾಂಪುಗಳ ಮೇಲೆ. ಬೇರು ಇಲ್ಲಿದೆ ಅಂತಲೇ ಅಲ್ಲಿನವರೂ ತಮ್ಮನ್ನು ಟಿಬೆಟನ್ನರು ಅಂದುಕೊಳ್ಳಲು ಆಗುತ್ತಿರುವುದು.

ಪ್ಯಾಂಗಾಂಗ್ ಹತ್ತಿರ ತೀರಿಕೊಂಡ ಯೋಧರ ಮಾತು ಬಂತು. ಅವರ ಶವಪೆಟ್ಟಿಗೆಗೆ ಭಾರತದ ಬಾವುಟದ ಜೊತೆ ಟಿಬೆಟ್ ಬಾವುಟವನ್ನೂ ಹೊದಿಸಿದ್ದರು. ಎರಡನೆಯ ಬಾವುಟವನ್ನೂ ನೋಡಬೇಕು ಅಲ್ವಾ?

ಇನ್ನೊಂದು ವಿಷಯ. 1987ರ ತಾರೀಖು ಸುಮ್ನೆ ಬಂದದ್ದಲ್ಲ. ಬಾಂಗ್ಲಾದೇಶದಿಂದ ಬಂದ ವಲಸಿಗರ ವಿರುದ್ಧದ ಅಸ್ಸಾಂ ಚಳವಳಿ, 1985ರ ಅಸ್ಸಾಂ ಒಪ್ಪಂದ, ಅದರ ಬೆನ್ನಿಗೇ 1986ರ ತಿದ್ದುಪಡಿ. ಅದನ್ನು ಟಿಬೆಟನ್ ಮಕ್ಕಳಿಗೆ ಮಾತ್ರ ಸಡಿಲ ಮಾಡಿದರೆ, ತಮಿಳುನಾಡಿನ ಶಿಬಿರಗಳಲ್ಲಿ ಹುಟ್ಟಿದ ಲಂಕಾ ತಮಿಳರ ಮಕ್ಕಳಿಗೆ ಯಾಕಿಲ್ಲ? ರೊಹಿಂಗ್ಯಾ ಮಕ್ಕಳಿಗೆ ಯಾಕಿಲ್ಲ? ಅವರೂ ಇಲ್ಲೇ ಹುಟ್ಟಿದವರೇ. ನಮಗೆ ಇಷ್ಟವಾದ ಸಮುದಾಯಕ್ಕೊಂದು, ಇಷ್ಟವಿಲ್ಲದ್ದಕ್ಕೊಂದು ಕಾನೂನು ಮಾಡಿದರೆ ಅದು ನ್ಯಾಯವಲ್ಲ. ಎಲ್ಲರಿಗೂ ಅನ್ವಯಿಸುವ ನಿರಾಶ್ರಿತರ ಕಾನೂನೇ ನಮ್ಮಲ್ಲಿಲ್ಲ, 1951ರ ನಿರಾಶ್ರಿತರ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. ಮೊದಲು ಆಗಬೇಕಾದ ಕೆಲಸ ಅದು.

ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡ ಆ ಹುಡುಗನ ಕಷ್ಟ ಸುಳ್ಳಲ್ಲ. ಅದಕ್ಕೆ ಮದ್ದು ಬೇರೆ ಇದೆ ಅನ್ನುತ್ತೇನೆ. 18 ತುಂಬಿದ ಮೇಲೆ ನನಗೆ ಭಾರತದ ಪೌರತ್ವ ಬೇಕು ಅಂತ ಯಾರಾದರೂ ಕೇಳಿದರೆ ಬೇಗ ಕೊಡಿ. ಕ್ಯಾಂಪ್ ಬಿಡಬೇಕು ಅನ್ನುವ ಷರತ್ತು ತೆಗೆದುಹಾಕಿ, ಅದಂತೂ ಕ್ರೂರ. ಬೇಡ ಅಂದವರನ್ನು ಅವರ ಪಾಡಿಗೆ ಬಿಡಿ, ಆದರೆ ಬೇಡ ಅಂದದ್ದಕ್ಕೆ ಹೊಟ್ಟೆಪಾಡಿಗೆ ಕಲ್ಲು ಬೀಳಬಾರದು. 2014ರಲ್ಲಿ ಕೇಂದ್ರ ಗೃಹ ಇಲಾಖೆ ಹೊರಡಿಸಿದ ಟಿಬೆಟನ್ ಪುನರ್ವಸತಿ ನೀತಿಯಲ್ಲಿ ಜಮೀನಿನ ಗುತ್ತಿಗೆ ಪತ್ರ, ವ್ಯಾಪಾರದ ಲೈಸೆನ್ಸ್, ಓದಿಗೆ ತಕ್ಕ ಕೆಲಸ, ಸರ್ಕಾರದ ಯೋಜನೆಗಳು ಎಲ್ಲ ಇವೆ. ಅದನ್ನು ಪ್ರತಿ ಕ್ಯಾಂಪಿನಲ್ಲೂ ಪೂರ್ತಿ ಜಾರಿ ಮಾಡಲಿ. ಇಲ್ಲೇ ಹುಟ್ಟಿದವರ ಆರ್‌ಸಿಗೆ ಅವಧಿಯೇ ಇಲ್ಲದ ಹಾಗೆ ಮಾಡಲಿ, ಅಮಾಲಾನ ಮಗಳು ಅದನ್ನು ಇಟ್ಟುಕೊಂಡೇ ಬ್ಯಾಂಕಿಗೆ, ಕೆಲಸಕ್ಕೆ, ವಿಮಾನಕ್ಕೆ ಹೋಗುವಂತಾಗಲಿ. ಪುಸ್ತಕ ನವೀಕರಿಸಲು ಹೋದ ದಿನ ಅವಳು ಈಗಲೂ ಅಂಗಡಿಗೆ ಬರುವುದು ಸಂಜೆ ಬಾಗಿಲು ಹಾಕುವ ಹೊತ್ತಿಗೆ.