ತೊಟ್ಟಿಮನೆಯ ಬೆಳಕು ಚೆನ್ನಾಗಿ ಬಂದಿದೆ, ಆದರೆ...

ಶಿವಮೊಗ್ಗದ ಚಿತ್ರಪ್ರದರ್ಶನದ ಬಗ್ಗೆ ಬರೆದಿದ್ದಕ್ಕೆ ಥ್ಯಾಂಕ್ಸ್. ಹಳೇ ತೊಟ್ಟಿಮನೆ, ಅಲ್ಲಿ ರೇಷ್ಮೆ ಸೀರೆ ಉಟ್ಟು ಕೂತ ರೂಪದರ್ಶಿಗಳು, ಇಷ್ಟನ್ನೇ ಇಟ್ಟುಕೊಂಡು ಒಬ್ಬರೇ ಇಷ್ಟೊಂದು ಚಿತ್ರ ಬರೆದಿದ್ದಾರೆ ಅಂತ ಓದಿ ತಡೆಯಲಾಗಲಿಲ್ಲ, ನಿನ್ನೆ ಸಾಗರದಿಂದ ಬಸ್ಸು ಹತ್ತಿ ಹೋಗಿ ನೋಡಿಯೇ ಬಂದೆ.

ನನಗೆ ಜಾಸ್ತಿ ಹಿಡಿಸಿದ್ದು ಗಾಜಿನ ಹಂಚಿನಿಂದ ಇಳಿದ ಬೆಳಕು. ನಮ್ಮಜ್ಜಿ ಮನೆಯ ನಡುಮನೆಯಲ್ಲೂ ಹಾಗೇ ಒಂದು ಚೌಕ ಬೀಳುತ್ತಿತ್ತು, ಅದರೊಳಗೆ ಒಲೆಯ ಹೊಗೆ ಸುತ್ತುತ್ತಿತ್ತು. ಕಂಬಗಳೂ ಹಾಗೇ ಇವೆ. ಭುಜದ ಎತ್ತರದಲ್ಲಿ ಮಾತ್ರ ನುಣುಪು, ಎಷ್ಟೋ ತಲೆಮಾರಿನ ಕೈ ಸವರಿದ್ದು. ಇದನ್ನು ಗಮನಿಸಿ ಬರೆದ ಕಲಾವಿದರಿಗೆ ನಮಸ್ಕಾರ.

ಲೇಖನದಲ್ಲಿ ಈ ಕಲಾವಿದರನ್ನು ರವಿವರ್ಮರಿಗೆ ಹೋಲಿಸಿದ್ದೀರಿ. ಸರಿ, 1894ರಲ್ಲಿ ಮುಂಬೈಯಲ್ಲಿ ಅವರ ಪ್ರೆಸ್ ಶುರುವಾದ ಮೇಲೆ ಆ ಅಚ್ಚಿನ ಚಿತ್ರಗಳು ಊರೂರಿನ ಗೋಡೆ ಹತ್ತಿದವು. ಆದರೆ ನಮ್ಮ ಮಲೆನಾಡಿನ ಗೋಡೆಗೆ ತನ್ನದೇ ಕಲೆ ಇದೆ ಅಲ್ವಾ? ದೀವರ ಸಮುದಾಯದ ಹೆಂಗಸರು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಇಡೀ ಪ್ರದರ್ಶನದ ಒಂದೇ ಒಂದು ಗೋಡೆಯಲ್ಲೂ ಅದು ಕಾಣಲಿಲ್ಲ, ಬೇಜಾರಾಯಿತು.

ಇನ್ನೊಂದು ವಿಷಯ, ರೂಪದರ್ಶಿಗಳ ಹೆಸರು ಎಲ್ಲೂ ಇಲ್ಲ. ಗಂಟೆಗಟ್ಟಲೆ ಅಲುಗಾಡದೆ ಕೂರುವುದು ಸುಮ್ನೆ ಆಗುವ ಕೆಲಸ ಅಲ್ಲ. ಜಗಲಿ ಮೇಲೆ ಕೂತ ಆ ಹೆಂಗಸಿನ ಪಾದ ನೋಡಿ, ನೆಲಕ್ಕೆ ಒತ್ತಿ ಒತ್ತಿ ಹೆಬ್ಬೆರಳು ಬೆಳ್ಳಗಾಗಿದೆ. ಮುಂದಿನ ಸಲ ಚಿತ್ರದ ಪಕ್ಕದ ಚೀಟಿಯಲ್ಲಿ ಅವರ ಹೆಸರನ್ನೂ ಹಾಕಿ, ದಯವಿಟ್ಟು.