ನಾಲ್ಕನೆಯವ ಬಂದರೆ ಸಿನಿಮಾ

2025ರಲ್ಲಿ ಕನ್ನಡದಲ್ಲಿ ನೋಡುವಂಥ ಸಿನಿಮಾ ಬರಲೇ ಇಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಂದಿವೆ. ಮಾಲಿನ ಕಟ್ಟಕಡೆಯ ಪರದೆಗೆ, ದಿನಕ್ಕೊಂದೇ ಆಟದಂತೆ, ರಾತ್ರಿ ಹತ್ತೂ ಮುಕ್ಕಾಲಿಗೆ ಬಂದಿವೆ. ಚೆನ್ನಾಗಿದೆಯಂತೆ ಎಂಬ ಸುದ್ದಿ ಮಂಗಳೂರಿನ ಬಿಜೈಯಿಂದ ಹೊರಟು ಸುರತ್ಕಲ್ ಮುಟ್ಟುವಷ್ಟರಲ್ಲಿ ಮುಂದಿನ ಶುಕ್ರವಾರವಾಗಿ, ಎತ್ತಂಗಡಿಯೂ ಆಗಿದೆ. ಆಮೇಲೆ ನಿರ್ಮಾಪಕರು ಬೆಂಗಳೂರಿನಲ್ಲಿ ಮೈಕಿನ ಮುಂದೆ ಕೂತು, ಕನ್ನಡಿಗರು ಥಿಯೇಟರಿಗೆ ಬರುತ್ತಿಲ್ಲ ಎಂದು ಗದ್ಗದಿತರಾಗುತ್ತಾರೆ. ಬರುತ್ತೇವೆ ಮಾರಾಯ್ರೆ. ಆಟ ಮುಗಿದ ಮೇಲೆ ಒಂದೂವರೆ ಗಂಟೆಗೆ ಮೂಡಬಿದಿರೆಗೆ ಬಸ್ಸು ನೀವು ಬಿಡ್ತೀರಾ?

ಮೊನ್ನೆ ಹಟ ಹಿಡಿದು ಅಂಥದೊಂದು ಆಟಕ್ಕೆ ಹೋದೆ. ಕೌಂಟರಿನ ಹುಡುಗ ಬಹಳ ಮರ್ಯಾದಸ್ಥ. "ನಾಲ್ಕು ಜನ ಆದ್ರೆ ಶೋ ಹಾಕ್ತೇವೆ ಸರ್, ಸ್ವಲ್ಪ ಕೂತ್ಕೊಳ್ಳಿ" ಎಂದ. ಇದ್ದದ್ದು ಮೂವರು. ನಾನು, ಒಬ್ಬ ಮೆಡಿಕಲ್ ಹುಡುಗ, ಮತ್ತು ಸಿನಿಮಾದಲ್ಲಿ ಪೋಸ್ಟ್‌ಮ್ಯಾನ್ ಪಾತ್ರ ಮಾಡಿದವನ ಸೋದರಮಾವ. ಹತ್ತು ನಿಮಿಷ ಕಾದ ಮೇಲೆ ಮಾವ ತಡೆಯಲಾರದೆ ಎಸ್ಕಲೇಟರಿನ ತುದಿಗೆ ಹೋಗಿ ನಿಂತರು. ಸರ್ವಿಸ್ ಜೀಪಿಗೆ ಜನ ಹತ್ತಿಸುವ ಹಾಗೆ, "ಒಂದು ಸೀಟು, ಒಂದೇ ಸೀಟು, ಈಗ ಹೊರಡ್ತದೆ" ಎಂದು ಕರೆಯತೊಡಗಿದರು. ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗುತ್ತಿದ್ದ ಅಳಿಯಸಂತಾನದ ಊರು, ಅಳಿಯನಿಗಾಗಿ ಮಾವ ಇಷ್ಟಾದರೂ ಮಾಡದಿದ್ದರೆ ಹೇಗೆ? ಕೊನೆಗೆ ಸಿಕ್ಕಿದ ನಾಲ್ಕನೆಯವರು ಪಕ್ಕದ ಪರದೆಯ ಪ್ಯಾನ್ ಇಂಡಿಯಾ ಸಿನಿಮಾದಿಂದ ಇಂಟರ್ವಲ್ಲಿನಲ್ಲಿ ಎದ್ದು ಬಂದವರು. ಕಿವಿ ಉಜ್ಜಿಕೊಳ್ಳುತ್ತಾ ಕೇಳಿದ್ದು ಒಂದೇ ಪ್ರಶ್ನೆ: "ಇದ್ರಲ್ಲಿ ಗನ್ ಉಂಟಾ?" ಇಲ್ಲ ಎಂದೆವು. ಟಿಕೆಟ್ ತೆಗೆದರು. ಸಿನಿಮಾ ನಿಜಕ್ಕೂ ಚೆನ್ನಾಗಿತ್ತು. ಪೋಸ್ಟ್‌ಮ್ಯಾನ್ ಬಂದಾಗ ಪ್ರೇಕ್ಷಕರ ಪೈಕಿ ಶೇಕಡಾ 25ರಷ್ಟು ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇನ್ನು ಟಿಕೆಟ್ ದರ. 200 ರೂಪಾಯಿ ಮೀರಬಾರದು ಎಂದು ಸರ್ಕಾರ 2017ರಲ್ಲಿ ಟೀಸರ್ ಬಿಟ್ಟಿತ್ತು. ಅದನ್ನೇ ರೀಮೇಕ್ ಮಾಡಿ 2025ರ ಸೆಪ್ಟೆಂಬರ್ 12ರಂದು ಅಧಿಸೂಚನೆ ಬಿಡುಗಡೆಯಾಯಿತು. 23ನೇ ತಾರೀಕಿಗೆ ಹೈಕೋರ್ಟಿನಿಂದ ತಡೆ. 11 ದಿನದ ಓಟ! ನಗಬೇಡಿ, ಆ ವರ್ಷದ ಎಷ್ಟೋ ಸಿನಿಮಾಗಳು ಅಷ್ಟು ಓಡಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿದಾಗ, ನೀರಿನ ಬಾಟಲಿಗೆ 100, ಕಾಫಿಗೆ 700 ರೂಪಾಯಿ ತೆಗೆದುಕೊಂಡರೆ ಹಾಲ್ ಖಾಲಿಯಾದೀತು ಎಂದು ನ್ಯಾಯಮೂರ್ತಿಗಳೇ ಚುಚ್ಚಿದರು. 700 ರೂಪಾಯಿಗೆ ಮಂಗಳೂರಿನಲ್ಲಿ ಗಂಡ ಹೆಂಡತಿ ಅಂಜಲ್ ಫ್ರೈ ಹಾಕಿಸಿಕೊಂಡು ಊಟ ಮಾಡಿ ಮನೆಗೆ ಹೋಗಿ ಸುಖವಾಗಿ ಮಲಗಬಹುದು. ಬಹಳ ಮಂದಿ ಅದನ್ನೇ ಮಾಡುತ್ತಿದ್ದಾರೆ.

ಇಷ್ಟೆಲ್ಲ ದುಡ್ಡು ಸುರಿಯುವ ಮೊದಲು ಯಾವುದು ನೋಡಬಹುದು ಎಂದು ಕೇಳುವುದಾದರೂ ಯಾರ ಹತ್ತಿರ? ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದು ನಿಲ್ಲುವ ಯೂಟ್ಯೂಬಿನವರಿಗೆ "ಸೆಕೆಂಡ್ ಹಾಫ್ ಬೆಂಕಿ" ಎಂದು ಹೇಳುವವನು ಇಂಟರ್ವಲ್ಲಿಗೇ ಹೊರಗೆ ಬಂದಿರುತ್ತಾನೆ. ಪತ್ರಿಕೆಯ ವಿಮರ್ಶೆಯಲ್ಲಿ ಮೂರೂವರೆ ಸ್ಟಾರಿಗಿಂತ ಕೆಳಗೆ ಯಾರೂ ಇಳಿಯುವುದಿಲ್ಲ. ನನಗೆ ನಂಬಿಕೆ ಉಳಿದಿರುವುದು ಮಾಲಿನ ಪಾರ್ಕಿಂಗಿನಲ್ಲಿ ಸೀಟಿ ಊದುವ ಅಣ್ಣನ ಮೇಲೆ ಮಾತ್ರ. ಅವರು ಒಂದು ಸಿನಿಮಾವನ್ನೂ ನೋಡಿದವರಲ್ಲ. ಆಟ ಬಿಟ್ಟ ಮೇಲೆ ಜನ ಕಾರು ತೆಗೆಯುವುದನ್ನು ನೋಡುತ್ತಾರೆ. "ಇವತ್ತಿನವ್ರು ಒಬ್ಬರೂ ಹಾರ್ನ್ ಹಾಕ್ಲಿಲ್ಲ ಸರ್, ಸಾಲಲ್ಲಿ ನಿಂತ್ರು. ಒಳ್ಳೇದಿರ್ಬೇಕು" ಎಂದರೆ ಮರುದಿನವೇ ಹೋಗುತ್ತೇನೆ. ಗೇಟಿನ ಹತ್ತಿರ ಗಲಾಟೆ ಆದ ದಿನ ಅವರ ಉತ್ತರ ಇನ್ನೂ ಚಿಕ್ಕದು: "ಬೇಡ."

ವರ್ಷದ ಮೊದಲ ಆರು ತಿಂಗಳು ಅವರು ಬೇಡ ಬೇಡ ಎಂದೇ ಕಳೆದರು. ಜುಲೈಯಲ್ಲಿ 'ಸು ಫ್ರಮ್ ಸೋ' ಬಂತು. ದೊಡ್ಡ ತಾರೆಯಿಲ್ಲ, ಹೊಸ ನಿರ್ದೇಶಕ, ಕರಾವಳಿಯ ಒಂದು ಊರು, ಹೊಟ್ಟೆ ಹುಣ್ಣಾಗುವ ನಗು. ಅಕ್ಟೋಬರಿನಲ್ಲಿ 'ಕಾಂತಾರ ಚಾಪ್ಟರ್ 1'. ಇನ್ನೂರರ ಆಸುಪಾಸು ಸಿನಿಮಾ ಬಿಡುಗಡೆಯಾದ ವರ್ಷದಲ್ಲಿ ಊರೆಲ್ಲ ಮಾತಾಡಿದ್ದು ಈ ಎರಡರ ಬಗ್ಗೆ, ಎರಡೂ ನಮ್ಮ ಕಡೆಯವು. ಗಾಂಧಿನಗರದ ಪಂಡಿತರು ಕೂತು ಗೆಲುವಿನ ಗುಟ್ಟು ಪತ್ತೆ ಮಾಡಿದರು: ಹಂಚಿನ ಮನೆ, ತೆಂಗಿನ ಮರ, ಮಳೆ, ಭೂತ, ಕುಚ್ಚಲಕ್ಕಿ ಗಂಜಿ. ಪಟ್ಟಿಯಲ್ಲಿ ಕಥೆ ಎಂಬ ಐಟಂ ಇರಲಿಲ್ಲ. ಪರಿಣಾಮವಾಗಿ ಇನ್ನು ಮುಂದೆ ಬರುವ ಇನ್ನೂರು ಸಿನಿಮಾವೂ ಕಾರ್ಕಳ ತಾಲೂಕಿನಲ್ಲೇ ನಡೆಯುವ ಲಕ್ಷಣ ಕಾಣುತ್ತಿದೆ. ಹಂಚು ಇಳಿಸಿ ಸ್ಲ್ಯಾಬ್ ಹಾಕಿಸಬೇಕೆಂದಿದ್ದ ನಮ್ಮ ನೆರೆಯ ಶೆಟ್ರು ಮೇಸ್ತ್ರಿಗೆ ಬರಬೇಡ ಎಂದಿದ್ದಾರೆ. ಬೆಂಗಳೂರಿನ ಹೀರೋಗಳು ನಮ್ಮ ಭಾಷೆ ಕಲಿಯುತ್ತಿದ್ದಾರೆ. ಒಂದು ಟ್ರೇಲರಿನಲ್ಲಂತೂ ನಾಯಕ ಸ್ವಂತ ಅಜ್ಜಿಯನ್ನೇ "ಎಂತ ಮಾರಾಯ" ಎಂದು ಕರೆದದ್ದನ್ನು ಕೇಳಿ ನನ್ನ ಅಮ್ಮ ಟಿವಿ ಆರಿಸಿದರು.

ತುಳು ಸಿನಿಮಾಕ್ಕೆ ಹೋಗಬಹುದಲ್ಲ ಎನ್ನುತ್ತೀರಿ. 1971ರಿಂದ ಬರುತ್ತಿವೆ, ನಮ್ಮ ಹಾಸ್ಯನಟರು ಚಿನ್ನದಂಥವರು. ಆದರೆ ಪ್ರಚಾರಕ್ಕೆ ಬಂದವರು "ತುಳುವರೇ ನೋಡದಿದ್ರೆ ಭಾಷೆ ಉಳಿಯುವುದು ಹೇಗೆ" ಎಂದಾಗ ನನಗೆ ಭಯವಾಗುತ್ತದೆ. ಅದು ಸಿನಿಮಾದಲ್ಲಿ ಹೇಳಿಕೊಳ್ಳಲು ಬೇರೇನೂ ಇಲ್ಲ ಎಂಬುದರ ಸೂಚನೆ. ಹೋದ ಸಲ ಹಾಗೆ ಎರಡೂವರೆ ಗಂಟೆ ಕೂತು ಭಾಷೆ ಉಳಿಸಿ ಬಂದೆ. ಮಂಡೆಬೆಚ್ಚ ಮಾತ್ರ ಇನ್ನೂ ಇಳಿದಿಲ್ಲ. ಮ್ಯಾಕ್‌ಬೆತ್ ಕಥೆಯನ್ನು ಮೀನುಗಾರರ ನಡುವೆ ತಂದು ಕೂರಿಸಿ ರಾಷ್ಟ್ರಪ್ರಶಸ್ತಿ ಗೆದ್ದ 'ಪಡ್ಡಾಯಿ' ನಮ್ಮ ಹೆಮ್ಮೆ ಎಂದು ಎಲ್ಲರೂ ಹೇಳುತ್ತಾರೆ. ನೋಡಿದ್ದೀರಾ ಎಂದು ಕೇಳಿ ನೋಡಿ, ಮಾತು ಮೀನಿನ ರೇಟಿಗೆ ತಿರುಗುತ್ತದೆ. ಬೇಡ ಈ ಸಹವಾಸ ಎಂದು ಮನಸ್ಸಿನಲ್ಲೇ ತಲಪಾಡಿ ಗಡಿ ದಾಟಿ ಮಲಯಾಳಕ್ಕೆ ಹೋದರೆ, 2024ರ 'ಟರ್ಬೋ'ದಲ್ಲಿ ಮಮ್ಮುಟ್ಟಿಯ ಎದುರು ಖಳನಾಗಿ ನಿಂತವರು ನಮ್ಮದೇ ರಾಜ್ ಬಿ. ಶೆಟ್ಟಿ!

ಉಡುಪಿಯ ನನ್ನ ಭಾವ ಈ ತಲೆನೋವಿಗೇ ಹೋಗದೆ ಆಟಕ್ಕೆ ಹೋಗುತ್ತಾರೆ. ಯಕ್ಷಗಾನ ಬಯಲಾಟ. ಟಿಕೆಟ್ ಇಲ್ಲ, ಆಟ ಆಡಿಸುವವರೇ ಗೇಟಿನಲ್ಲಿ ಕೈಮುಗಿದು "ಊಟ ಮಾಡಿಯೇ ಕೂತ್ಕೊಳ್ಳಿ" ಎನ್ನುತ್ತಾರೆ. ಕಟೀಲು ಮೇಳದ ಹರಕೆ ಆಟವಾದರೆ ವರ್ಷಗಟ್ಟಲೆ ಮೊದಲೇ ಬುಕ್ಕಿಂಗ್, ನಾಲ್ಕನೆಯವನಿಗಾಗಿ ಕಾಯುವ ಪ್ರಮೇಯವಿಲ್ಲ. ಮೇ ಕೊನೆಯ ಪತ್ತನಾಜೆಗೆ ಮೇಳದ ತಿರುಗಾಟ ಮುಗಿಯುವ ತನಕ ವೇಷಧಾರಿಗಳಿಗೆ ಬಿಡುವೂ ಇಲ್ಲ. ಕಳೆದ ವಾರ ದೇವಿ ಮಹಾತ್ಮೆ. ದೊಂದಿ ಬೆಳಕಿನಲ್ಲಿ ಮಹಿಷಾಸುರ ಜನರ ನಡುವಿನಿಂದ ಕೂಗುತ್ತಾ ಬಂದಾಗ, ಪಕ್ಕದ ಕುರ್ಚಿಯಲ್ಲಿದ್ದ ಬೆಂಗಳೂರಿನವರೊಬ್ಬರು ಮೊಬೈಲ್ ಕೆಳಗಿಳಿಸಿ ಭಾವನ ಕಿವಿಯಲ್ಲಿ ಕೇಳಿದರಂತೆ, "ಸಾರ್, ಇವರ ಡೇಟ್ಸ್ ಸಿಗುತ್ತಾ?"

"ಪತ್ತನಾಜೆ ಕಳೀಲಿ ಮಾರಾಯ್ರೆ" ಎಂದರಂತೆ ಭಾವ. "ಅಲ್ಲಿತನಕ ಕಥೆ ಬರೀರಿ."